ಕೀನ್ಯಾ–ಟಾಂಜಾನಿಯಾ ಸಫಾರಿಗೆ ಬ್ಯಾಗ್ ಕಟ್ಟುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಟಿಕೆಟ್ ಬುಕ್ ಆದ ಮಾರನೇ ದಿನವೇ ಫೋನ್ ಬರುತ್ತದೆ. ಮೆಸೇಜ್ ಬರುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರು ಕೇಳುತ್ತಾರೆ. ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಉತ್ತರಗಳು ಮುಖ್ಯವಾಗಿ ಕೀನ್ಯಾದ ಮಸಾಯಿ ಮಾರಾ, ಟಾಂಜಾನಿಯಾದ ಸೆರೆಂಗೆಟಿ ಮತ್ತು ಗೊರೊಂಗೊರೊ ಕಡೆ ಹೋಗುವವರಿಗೆ. ಬೇರೆ ದೇಶಗಳ ಮಾತು ಕೊನೆಯಲ್ಲಿದೆ.

## ಹೊರಡುವ ಮೊದಲು

"ಕಬಿನಿ, ಬಂಡೀಪುರಕ್ಕೆ ಎಷ್ಟೋ ಸಲ ಹೋಗಿದ್ದೇವೆ. ಅದೇ ಬ್ಯಾಗ್ ಸಾಕಲ್ವಾ?"

ಬ್ಯಾಗ್ ಸಾಕು. ಒಳಗಿನ ಸಾಮಾನು ಸ್ವಲ್ಪ ಬದಲಾಗಬೇಕು. ಕಬಿನಿಯಲ್ಲಿ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ನಡುವೆ ರೂಮಿಗೆ ಬಂದು ಊಟ ಮಾಡಿ ಮಲಗಬಹುದು. ಮಾರಾದಲ್ಲಿ ಎಷ್ಟೋ ದಿನ ಬೆಳಿಗ್ಗೆ ಆರಕ್ಕೆ ಗಾಡಿ ಹತ್ತಿದರೆ ಇಳಿಯುವುದು ಸಂಜೆಯೇ. ಊಟದ ಡಬ್ಬಿ ಗಾಡಿಯಲ್ಲೇ ಇರುತ್ತದೆ. ಹಾಗಾಗಿ ಕ್ಯಾಂಪಿನಲ್ಲಿ ಬಿಟ್ಟು ಹೋಗುವ ದೊಡ್ಡ ಬ್ಯಾಗಿಗಿಂತ ಗಾಡಿಯಲ್ಲಿ ಕಾಲ ಬಳಿ ಇಟ್ಟುಕೊಳ್ಳುವ ಸಣ್ಣ ಬ್ಯಾಗೇ ಮುಖ್ಯ. ಅದರಲ್ಲಿ ಟೋಪಿ, ತಂಪು ಕನ್ನಡಕ, ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಬಾಮ್, ನೀರಿನ ಬಾಟಲಿ, ಆ ದಿನದ ಮಾತ್ರೆ, ಟಿಶ್ಯೂ, ಬೈನಾಕ್ಯುಲರ್ ಮತ್ತು ಒಂದು ಜಾಕೆಟ್ ಇದ್ದರೆ ಆಯಿತು.

ಇನ್ನೊಂದು ವ್ಯತ್ಯಾಸ ನೆರಳಿನದು. ನಮ್ಮ ಕಾಡಲ್ಲಿ ಮರದ ಕೆಳಗೇ ಓಡಾಡುತ್ತೇವೆ. ಅಲ್ಲಿ ಕಣ್ಣು ಹಾಯುವಷ್ಟು ದೂರ ಹುಲ್ಲು. ನಡುವೆ ಎಲ್ಲೋ ಒಂದು ಅಕೇಶಿಯಾ ಮರ, ಅದರ ನೆರಳಲ್ಲಿ ಆಗಲೇ ಸಿಂಹ ಮಲಗಿರುತ್ತದೆ.

"ಸೂಟ್‌ಕೇಸ್ ತಗೊಂಡು ಹೋದ್ರೆ ಆಗಲ್ವಾ? ಎಷ್ಟು ಕೆಜಿ ಬಿಡ್ತಾರೆ?"

ನೈರೋಬಿಯಿಂದ ಮಾರಾಕ್ಕೆ ಸಣ್ಣ ವಿಮಾನದಲ್ಲಿ ಹೋಗುವವರಾದರೆ ಸೂಟ್‌ಕೇಸ್ ಬೇಡವೇ ಬೇಡ. ಈ ವಿಮಾನಗಳು ಹೊರಡುವುದು ದೊಡ್ಡ ವಿಮಾನ ನಿಲ್ದಾಣದಿಂದಲ್ಲ, ಊರೊಳಗಿನ ವಿಲ್ಸನ್ ವಿಮಾನ ನಿಲ್ದಾಣದಿಂದ. ಅಲ್ಲಿ ಸಾಮಾನ್ಯ ಮಿತಿ ತಲೆಗೆ 15 ಕೆಜಿ. ಅದರಲ್ಲಿ ಕೈಬ್ಯಾಗ್, ಕ್ಯಾಮೆರಾ ಎಲ್ಲ ಸೇರಿತು. ಬ್ಯಾಗ್ ಮೆತ್ತಗಿರಬೇಕು, ಚಕ್ರ–ಚೌಕಟ್ಟು ಇರಬಾರದು ಅಂತ ಟಿಕೆಟ್‌ನಲ್ಲೇ ಬರೆದಿರುತ್ತಾರೆ. ಕಾರಣ ಇಷ್ಟೇ: ಹನ್ನೆರಡು–ಹದಿಮೂರು ಜನ ಕೂರುವ ಸೆಸ್ನಾ ಕ್ಯಾರವಾನ್ ವಿಮಾನದ ಹೊಟ್ಟೆಯ ಕೆಳಗೆ ಸಾಮಾನಿಗೆ ಅಂತ ಒಂದು ತೆಳ್ಳನೆಯ ಗೂಡು ಇದೆ. ಮೆತ್ತಗಿನ ಬ್ಯಾಗನ್ನು ಒತ್ತಿ ತುರುಕಬಹುದು. ಗಟ್ಟಿ ಸೂಟ್‌ಕೇಸ್ ಅದರ ಬಾಯೊಳಗೇ ಹೋಗುವುದಿಲ್ಲ. ಚೆಕ್‌ಇನ್‌ನಲ್ಲಿ ಬ್ಯಾಗಿನ ಜೊತೆ ಕೆಲವೊಮ್ಮೆ ನಮ್ಮನ್ನೂ ತಕ್ಕಡಿ ಮೇಲೆ ನಿಲ್ಲಿಸುತ್ತಾರೆ. ಮುಜುಗರ ಬೇಡ, ಇಳಿಯುವ ಜಾಗ ಮಣ್ಣಿನ ರನ್‌ವೇ, ಅಲ್ಲಿ ತೂಕದ ಲೆಕ್ಕ ತಪ್ಪುವ ಹಾಗಿಲ್ಲ.

ರಸ್ತೆಯಲ್ಲಿ ಹೋಗುವವರಿಗೆ ಇಷ್ಟು ಬಿಗಿ ಇಲ್ಲ. ಆದರೂ ಲ್ಯಾಂಡ್ ಕ್ರೂಸರ್ ಹಿಂಭಾಗದಲ್ಲಿ ಆರು ಜನರ ಸಾಮಾನು, ನೀರಿನ ಕೇಸು, ಎರಡು ಸ್ಟೆಪ್ನಿ ಎಲ್ಲ ಕೂರಬೇಕು. ಡಫಲ್ ಬ್ಯಾಗೇ ಒಳ್ಳೆಯದು. ದುಬೈಯಲ್ಲೋ ಮುಂಬೈಯಲ್ಲೋ ಬೇರೆ ಕೆಲಸ ಮುಗಿಸಿ ದೊಡ್ಡ ಪೆಟ್ಟಿಗೆಯೊಂದಿಗೆ ಬಂದಿದ್ದರೆ ಅದನ್ನು ನೈರೋಬಿಯ ಹೋಟೆಲ್‌ನಲ್ಲೋ ಟೂರ್ ಆಫೀಸಿನಲ್ಲೋ ಬಿಟ್ಟು ಹೋಗಬಹುದು. ಮೊದಲೇ ಹೇಳಿಟ್ಟರೆ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ.

"ಟೆಂಟ್ ಅಂದ್ರಲ್ಲ, ಹೊದಿಕೆ, ದಿಂಬು ನಾವೇ ಒಯ್ಯಬೇಕಾ?"

ಬೇಡ. ಟೆಂಟೆಡ್ ಕ್ಯಾಂಪ್ ಅಂದರೆ ಮಂಚ, ಹಾಸಿಗೆ, ಸೊಳ್ಳೆಪರದೆ, ಒಳಗೇ ಬಚ್ಚಲು ಇರುವ ಕ್ಯಾನ್ವಾಸ್ ಕೋಣೆ. ಟವೆಲ್, ಸೋಪು ಅವರೇ ಕೊಡುತ್ತಾರೆ. ಮಾರಾದ ಅನೇಕ ಕ್ಯಾಂಪ್‌ಗಳಲ್ಲಿ ರಾತ್ರಿ ಊಟ ಮುಗಿಸಿ ಬರುವಷ್ಟರಲ್ಲಿ ಹೊದಿಕೆಯೊಳಗೆ ಬಿಸಿನೀರಿನ ರಬ್ಬರ್ ಚೀಲ ಇಟ್ಟಿರುತ್ತಾರೆ. ನೀವೇ ಟೆಂಟ್ ಹೂಡುವ ಅಗ್ಗದ ಕ್ಯಾಂಪಿಂಗ್ ಟೂರ್ ಆದರೆ ಮಾತ್ರ ಸ್ಲೀಪಿಂಗ್ ಬ್ಯಾಗ್ ಬೇಕು. ಅದೂ ಬಾಡಿಗೆಗೆ ಸಿಗುತ್ತದಾ ಅಂತ ಟೂರ್‌ನವರನ್ನು ಮೊದಲು ಕೇಳಿ.

ಒಯ್ಯಲೇಬೇಕಾದದ್ದು ಟಾರ್ಚ್. ಹಣೆಗೆ ಕಟ್ಟುವಂಥದ್ದಾದರೆ ಇನ್ನೂ ಅನುಕೂಲ. ಬಹಳ ಕ್ಯಾಂಪ್‌ಗಳಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ಕಾವಲುಗಾರ, ಅಂದರೆ ಅವರ ಮಾತಿನ ಅಸ್ಕಾರಿ, ನಿಮ್ಮನ್ನು ಟೆಂಟ್ ತನಕ ಬಿಟ್ಟು ಹೋಗುತ್ತಾನೆ. ಅವನಿಲ್ಲದೆ ಹತ್ತು ಹೆಜ್ಜೆಯೂ ಓಡಾಡಬೇಡಿ.

## ಬಟ್ಟೆಬರೆ

"ಆಫ್ರಿಕಾ ಅಂದ್ರೆ ಸುಡುಬಿಸಿಲು. ಸ್ವೆಟರ್ ಯಾಕೆ?"

ಎಲ್ಲರೂ ನಂಬದೆ ಹೋಗುವುದು ಇದನ್ನೇ, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಭೂಮಧ್ಯರೇಖೆ ಹತ್ತಿರ ಇರುವುದು ನಿಜ. ಆದರೆ ಆ ನೆಲವೇ ಎತ್ತರದಲ್ಲಿದೆ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಮಾರಾದ ಬಯಲು 1,500 ಮೀಟರಿನಿಂದ ಶುರು. ಗೊರೊಂಗೊರೊ ಕುಳಿಯ ಅಂಚು, ಅಂದರೆ ಲಾಡ್ಜ್‌ಗಳಿರುವ ಜಾಗ, 2,200 ಮೀಟರ್ ದಾಟುತ್ತದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅದಕ್ಕಿಂತ ಮೇಲೆ ರಾತ್ರಿ ಮಲಗುತ್ತೀರಿ. ಅದೂ ಜೂನ್–ಆಗಸ್ಟ್‌ನಲ್ಲಿ ಅಲ್ಲಿ ವರ್ಷದ ಅತಿ ತಂಪಿನ ಕಾಲ. ವಲಸೆ ಹೋಗುವ ವಿಲ್ಡೆಬೀಸ್ಟ್ ಅನ್ನುವ ಜಿಂಕೆ ಜಾತಿಯ ದೊಡ್ಡ ಪ್ರಾಣಿಗಳು ನದಿ ದಾಟುವುದನ್ನು ನೋಡಲು ಜನ ಹೋಗುವುದೂ ಜುಲೈಯಿಂದ ಅಕ್ಟೋಬರ್ ನಡುವೆ.

ಬೆಳಿಗ್ಗೆ ಆರು ಗಂಟೆಯ ಗಾಡಿ ಹೇಗಿರುತ್ತದೆ ಅಂದರೆ: ಮೇಲ್ಛಾವಣಿ ಎತ್ತಿರುತ್ತಾರೆ, ನೀವು ಸೀಟಿನ ಮೇಲೆ ನಿಂತಿರುತ್ತೀರಿ, ಗಾಳಿ ನೇರ ಮುಖಕ್ಕೆ. ಕಬ್ಬಿಣದ ಸರಳು ಹಿಡಿದ ಬೆರಳು ಮರಗಟ್ಟುತ್ತದೆ. ಕ್ಯಾಮೆರಾ ಬಟನ್ ಒತ್ತಿದ್ದು ಗೊತ್ತೇ ಆಗುವುದಿಲ್ಲ. ಒಂಬತ್ತೂವರೆಗೆ ಜಾಕೆಟ್ ಬಿಚ್ಚುತ್ತೀರಿ, ಹತ್ತೂವರೆಗೆ ಸ್ವೆಟರ್. ಹನ್ನೆರಡಕ್ಕೆ ಟೀ ಶರ್ಟೂ ಭಾರ ಅನ್ನಿಸುತ್ತದೆ. ಸಂಜೆ ಐದೂವರೆಗೆ ಅದೇ ಕ್ರಮದಲ್ಲಿ ಮತ್ತೆ ಹಾಕಿಕೊಳ್ಳುತ್ತೀರಿ.

ಹಾಗಾಗಿ ಒಂದು ದಪ್ಪ ಕೋಟಿಗಿಂತ ಮೂರು ತೆಳ್ಳನೆಯ ಪದರ ಒಳ್ಳೆಯದು: ಹತ್ತಿಯ ಟೀ ಶರ್ಟ್, ಅದರ ಮೇಲೆ ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಜೊತೆಗೆ ಕಿವಿ ಮುಚ್ಚುವ ಟೋಪಿ. ಅಜ್ಜಿ ಹೆಣೆದ ಮಂಕಿ ಕ್ಯಾಪ್ ಇದ್ದರೆ ಅದನ್ನೇ ಹಾಕಿಕೊಳ್ಳಿ, ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

"ಖಾಕಿ ಬಟ್ಟೆ ಹೊಸದಾಗಿ ಕೊಳ್ಳಬೇಕಾ? ಬಣ್ಣದ ಬಟ್ಟೆ ಹಾಕಿದ್ರೆ ಪ್ರಾಣಿ ಓಡಿ ಹೋಗುತ್ತಾ?"

ಕೊಳ್ಳಬೇಕಿಲ್ಲ. ಗಾಡಿಯೊಳಗೆ ಕೂತವರ ಅಂಗಿ ಯಾವ ಬಣ್ಣದ್ದು ಅಂತ ಸಿಂಹ ತಲೆಕೆಡಿಸಿಕೊಳ್ಳುವುದಿಲ್ಲ. ಕಂದು, ಬೂದು, ತಿಳಿ ಹಸಿರು ಹೇಳುವುದು ಧೂಳಿನ ಕಾರಣಕ್ಕೆ. ಅಲ್ಲಿನ ಕೆಂಪು ಮಣ್ಣಿನ ರಸ್ತೆಯಲ್ಲಿ ಬಿಳಿ ಅಂಗಿ ಒಂದು ಗಂಟೆಯೂ ಬಿಳಿಯಾಗಿ ಇರುವುದಿಲ್ಲ. ಮನೆಯಲ್ಲಿರುವ ಮಾಸಲು ಬಣ್ಣದ ಹಳೇ ಪ್ಯಾಂಟು, ಉದ್ದ ತೋಳಿನ ಹತ್ತಿ ಅಂಗಿ ಸಾಕು.

ಆದರೆ ಎರಡು ಬಣ್ಣಕ್ಕೆ ನಿಜವಾಗಿಯೂ ಎಚ್ಚರ ಬೇಕು: ಕಡುನೀಲಿ ಮತ್ತು ಕಪ್ಪು. ತ್ಸೆತ್ಸೆ ನೊಣಕ್ಕೆ ಇವೆರಡು ಬಣ್ಣ ಬಲು ಇಷ್ಟ. ಅದನ್ನು ಹಿಡಿಯುವ ಬಲೆಗಳನ್ನೂ ನೀಲಿ–ಕಪ್ಪು ಬಟ್ಟೆಯಲ್ಲೇ ಮಾಡಿ ಮರಕ್ಕೆ ನೇತುಹಾಕಿರುತ್ತಾರೆ. ಜೀನ್ಸ್ ಹಾಕಿಕೊಂಡು ಹೋದರೆ ನಾವೇ ಬಲೆಯಾದ ಹಾಗೆ. ಟಾಂಜಾನಿಯಾದ ತರಂಗೀರೆ, ಸೆರೆಂಗೆಟಿಯ ಮರಗಾಡಿನ ಭಾಗಗಳಲ್ಲಿ ಇದರ ಕಾಟ ಜಾಸ್ತಿ. ಮಾಮೂಲಿ ಸೊಳ್ಳೆ ಮುಲಾಮು ಇದಕ್ಕೆ ಅಷ್ಟಾಗಿ ನಾಟುವುದಿಲ್ಲ. ತೆಳು ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ. ಸ್ವಲ್ಪ ದಪ್ಪ ನೇಯ್ಗೆಯ, ತಿಳಿ ಬಣ್ಣದ ಪ್ಯಾಂಟೇ ಮದ್ದು.

ಮಿಲಿಟರಿ ಚಿತ್ತಾರದ ಬಟ್ಟೆಯನ್ನಂತೂ ಮನೆಯಲ್ಲೇ ಬಿಡಿ. ಉಗಾಂಡಾ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೇ ವಿರುದ್ಧ. ಕೀನ್ಯಾ, ಟಾಂಜಾನಿಯಾದಲ್ಲೂ ತೊಂದರೆ ಆಗಬಹುದು. ಮಗುವಿನ ಟೋಪಿಯೂ ಬೇಡ.

"ಒಂದು ವಾರಕ್ಕೆ ಎಷ್ಟು ಜೊತೆ ಬೇಕು?"

ಎರಡು ಪ್ಯಾಂಟ್, ನಾಲ್ಕು ಅಂಗಿ ಅಥವಾ ಟೀ ಶರ್ಟ್, ರಾತ್ರಿಗೆ ಒಂದು ಜೊತೆ, ಒಳಉಡುಪು ಮತ್ತು ಕಾಲುಚೀಲ ಐದಾರು ಜೊತೆ. ಮೇಲೆ ಹೇಳಿದ ಬೆಚ್ಚನೆಯ ಪದರ ಬೇರೆ. ಲಾಡ್ಜ್‌ನಲ್ಲಿ ಊಟಕ್ಕೆ ಡ್ರೆಸ್ ಮಾಡಿಕೊಳ್ಳುವ ಪದ್ಧತಿ ಇಲ್ಲ, ಒಗೆದ ಅಂಗಿ ಇದ್ದರೆ ಸಾಕು.

ಬಹಳ ಕ್ಯಾಂಪ್‌ಗಳಲ್ಲಿ ಬಟ್ಟೆ ಒಗೆದುಕೊಡುತ್ತಾರೆ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿರುತ್ತಾರೆ. ಒಳಉಡುಪನ್ನು ಕೆಲವು ಕಡೆ ತೆಗೆದುಕೊಳ್ಳುವುದಿಲ್ಲ, ಅದಕ್ಕೆ ಒಂದೆರಡು ಸಣ್ಣ ಪ್ಯಾಕೆಟ್ ಸೋಪುಪುಡಿ ಇಟ್ಟುಕೊಳ್ಳಿ. ನೀವೇ ಒಗೆದರೆ ಹೊರಗೆ ಹುಲ್ಲಿನ ಮೇಲೆ ಹರವಬೇಡಿ, ಬಚ್ಚಲೊಳಗೆ ಒಣಹಾಕಿ. ಒದ್ದೆ ಬಟ್ಟೆಯ ಮೇಲೆ ಮೊಟ್ಟೆ ಇಡುವ ಒಂದು ಜಾತಿಯ ನೊಣ ಆಫ್ರಿಕಾದಲ್ಲಿದೆ. ಮರಿಹುಳ ಚರ್ಮದೊಳಗೆ ಸೇರಿ ಬೊಕ್ಕೆಯಾಗುತ್ತದೆ. ಬಿಸಿ ಇಸ್ತ್ರಿಗೆ ಆ ಮೊಟ್ಟೆ ಸಾಯುತ್ತದೆ. ಅಲ್ಲಿ ಎಲ್ಲದಕ್ಕೂ ಇಸ್ತ್ರಿ ಹಾಕುವುದು ಈ ಕಾರಣಕ್ಕೂ ಹೌದು.

"ಟ್ರೆಕ್ಕಿಂಗ್ ಶೂ ಬೇಕಾ?"

ಬರೀ ಗಾಡಿ ಸಫಾರಿಗೆ ಬೇಡ. ಒಂದು ಮುಚ್ಚಿದ ಶೂ, ಕ್ಯಾಂಪಿನಲ್ಲಿ ಓಡಾಡಲು ಒಂದು ಚಪ್ಪಲಿ. ನಡೆದು ಹೋಗುವ ಸಫಾರಿ ಇದ್ದರೆ ಆಗಲೇ ಹಾಕಿ ಪಳಗಿಸಿದ ಗಟ್ಟಿ ಶೂ ಬೇಕು, ಅಲ್ಲಿನ ಮುಳ್ಳು ತೆಳು ಅಟ್ಟೆಯನ್ನು ತೂರಿ ಬರುತ್ತದೆ.

"ನಾವು ಹೆಂಗಸರು ಬೇರೆ ಏನಾದ್ರೂ ನೆನಪಿಟ್ಟುಕೊಳ್ಳಬೇಕಾ?"

ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ: ಒಳ್ಳೆಯ ಸ್ಪೋರ್ಟ್ಸ್ ಬ್ರಾ. ರಸ್ತೆ ಅಂದರೆ ಅಲೆಅಲೆಯಾದ ಗಟ್ಟಿ ಮಣ್ಣು, ದಿನಕ್ಕೆ ಎಂಟು ಗಂಟೆ ಕುಲುಕಾಟ. ಸಲ್ವಾರ್, ಹತ್ತಿ ಕುರ್ತಾ ಆರಾಮಾಗಿ ಹಾಕಬಹುದು. ದುಪಟ್ಟಾ ಧೂಳಿಗೆ ಮುಖ ಕಟ್ಟಿಕೊಳ್ಳಲು, ಬಿಸಿಲಿಗೆ ಕುತ್ತಿಗೆ ಮುಚ್ಚಲು, ಕ್ಯಾಮೆರಾ ಸುತ್ತಿಡಲು ಎಲ್ಲದಕ್ಕೂ ಆಗುತ್ತದೆ.

ಶೌಚಾಲಯ ಇರುವುದು ಗೇಟುಗಳಲ್ಲಿ, ಪಿಕ್‌ನಿಕ್ ಜಾಗಗಳಲ್ಲಿ, ಕೆಲವು ಏರ್‌ಸ್ಟ್ರಿಪ್‌ಗಳಲ್ಲಿ. ನಡುವೆ ಬೇಕಾದರೆ ಸಂಕೋಚ ಬಿಟ್ಟು ಗೈಡ್‌ಗೆ ಹೇಳಿ. ಅವನು ಸುತ್ತ ನೋಡಿ ಸುರಕ್ಷಿತ ಅನ್ನಿಸಿದ ಕಡೆ ನಿಲ್ಲಿಸುತ್ತಾನೆ, ನೀವು ಗಾಡಿಯ ಹಿಂದೆಯೇ ಕೂರಬೇಕು, ಪೊದೆಯ ಹತ್ತಿರ ಹೋಗುವಂತಿಲ್ಲ. ಇದಕ್ಕೆ ಹೆದರಿ ನೀರು ಕುಡಿಯದೆ ಇರುವವರು ಬಹಳ. ಆ ಬಿಸಿಲಲ್ಲಿ ಅದು ಒಳ್ಳೆಯದಲ್ಲ. ಟಿಶ್ಯೂ, ಸ್ಯಾನಿಟೈಸರ್, ಬಳಸಿದ್ದನ್ನು ವಾಪಸ್ ತರಲು ಕಾಗದದ ಚೀಲ ಇಟ್ಟುಕೊಳ್ಳಿ. ಪ್ಯಾಡ್ ಮನೆಯಿಂದಲೇ ಒಯ್ಯಿರಿ, ಕಾಡಿನೊಳಗೆ ಅಂಗಡಿ ಇಲ್ಲ.

"ಏಳು ವರ್ಷದ ಮಗಳು ಬರ್ತಿದ್ದಾಳೆ. ಅವಳಿಗೆ?"

ಮೊದಲು ಕ್ಯಾಂಪ್‌ನಲ್ಲಿ ವಯಸ್ಸಿನ ಮಿತಿ ಇದೆಯಾ ಕೇಳಿ. ಬೇಲಿಯಿಲ್ಲದ ಕೆಲವು ಕ್ಯಾಂಪ್‌ಗಳು ಚಿಕ್ಕ ಮಕ್ಕಳನ್ನು ಸೇರಿಸುವುದಿಲ್ಲ. ಅವಳದ್ದೇ ಒಂದು ಸಣ್ಣ ಬೈನಾಕ್ಯುಲರ್, ಕಂಡ ಪ್ರಾಣಿ ಗುರುತು ಹಾಕಲು ಒಂದು ಪುಸ್ತಕ, ಬಣ್ಣದ ಪೆನ್ಸಿಲ್ ಕೊಡಿ. ಸಿಂಹ ಎರಡು ಗಂಟೆ ಮಲಗಿದ್ದರೆ ದೊಡ್ಡವರು ಕಾಯುತ್ತಾರೆ, ಮಕ್ಕಳಿಗೆ ಆಗುವುದಿಲ್ಲ.

## ಸೂಜಿ, ಮಾತ್ರೆ, ಕಾಗದ, ದುಡ್ಡು

"ಯೆಲ್ಲೋ ಫೀವರ್ ಸೂಜಿ ಹಾಕಿಸ್ಲೇಬೇಕಾ? ಅಲ್ಲಿ ಯಾರೂ ಕೇಳಲ್ಲ ಅಂತಾರೆ."

ಅಲ್ಲಿ ಕೇಳದಿದ್ದರೂ ವಾಪಸ್ ಬಂದಾಗ ಇಲ್ಲಿ ಕೇಳುತ್ತಾರೆ. ಭಾರತ ಇದರಲ್ಲಿ ಬಹಳ ಕಟ್ಟುನಿಟ್ಟು. ಹಳದಿ ಜ್ವರ ಹರಡುವ ಈಡಿಸ್ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ರೋಗ ಮಾತ್ರ ಇಲ್ಲ. ಅದು ಒಳಗೆ ಬರಬಾರದು ಅಂತಲೇ ಈ ಬಿಗಿ. ಕೀನ್ಯಾದಿಂದ ಬಂದವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ಆರು ದಿನದ ತನಕ ಪ್ರತ್ಯೇಕ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯ ಅಧಿಕಾರಿಗಳಿಗಿದೆ. ಕೀನ್ಯಾದಿಂದ ಟಾಂಜಾನಿಯಾಕ್ಕೆ ದಾಟುವಾಗಲೂ ಈ ಪ್ರಮಾಣಪತ್ರದ ಹಳದಿ ಪುಸ್ತಕ ತೋರಿಸಬೇಕು.

ಪ್ರಮಾಣಪತ್ರ ಊರ್ಜಿತ ಆಗುವುದು ಸೂಜಿ ಹಾಕಿಸಿದ ಹತ್ತು ದಿನದ ನಂತರ. ಹಾಗಾಗಿ ಕೊನೆಯ ವಾರಕ್ಕೆ ಬಿಡಬೇಡಿ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸರದಿ ಸಿಗುವುದು ತಡವಾಗಬಹುದು. ಒಂದೂವರೆ–ಎರಡು ತಿಂಗಳ ಮೊದಲೇ ವಿಚಾರಿಸಿ. 2016ರಿಂದ ಈ ಪತ್ರಕ್ಕೆ ಜೀವನಪೂರ್ತಿ ಮಾನ್ಯತೆ ಇದೆ, ಹಳೆಯದನ್ನು ಜೋಪಾನವಾಗಿ ಇಡಿ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ತಮ್ಮ ವೈದ್ಯರ ಹತ್ತಿರ ಮಾತಾಡಲೇಬೇಕು. ಪುಸ್ತಕ ಪಾಸ್‌ಪೋರ್ಟ್ ಜೊತೆಗೇ ಇರಲಿ, ಫೋಟೋ ಫೋನ್‌ನಲ್ಲಿರಲಿ.

"ಮಲೇರಿಯಾ ಮಾತ್ರೆ ನುಂಗಬೇಕಾ, ಓಡೋಮಾಸ್ ಸಾಕಾ?"

ಎರಡೂ ಬೇಕಾಗಬಹುದು. ನೈರೋಬಿ ಊರೊಳಗೆ ಭಯ ಕಡಿಮೆ. ಮಾರಾ, ಸೆರೆಂಗೆಟಿ, ಕರಾವಳಿಯಲ್ಲಿ ಇದ್ದೇ ಇದೆ. ಅಲ್ಲಿನದು ಹೆಚ್ಚಾಗಿ ಫಾಲ್ಸಿಪ್ಯಾರಮ್, ಮಲೇರಿಯಾದಲ್ಲೇ ಕೆಟ್ಟದ್ದು. ವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್, ಅಟೊವಕೋನ್–ಪ್ರೊಗ್ವಾನಿಲ್, ಮೆಫ್ಲೋಕ್ವಿನ್ ಇವುಗಳಲ್ಲಿ ಒಂದನ್ನು ಬರೆಯುತ್ತಾರೆ. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಅದು ಚರ್ಮವನ್ನು ಬಿಸಿಲಿಗೆ ಬೇಗ ಸುಡುವಂತೆ ಮಾಡುತ್ತದೆ, ಟೋಪಿ ಮರೆಯುವಂತಿಲ್ಲ. ಯಾವುದು ಯಾರಿಗೆ ಅನ್ನುವುದನ್ನು ವೈದ್ಯರೇ ಹೇಳಬೇಕು, ನೆಂಟರು ನುಂಗಿದ್ದು ಅಂತ ನೀವೂ ನುಂಗಬೇಡಿ.

ಹಚ್ಚಿಕೊಳ್ಳಲು ಶೇಕಡಾ 20ರಿಂದ 30 ಡೀಟ್ ಇರುವ ಅಥವಾ ಪಿಕಾರಿಡಿನ್ ಇರುವ ಮುಲಾಮು ಒಯ್ಯಿರಿ. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಇದು. ಸಂಜೆಯಾಗುತ್ತಲೇ ಉದ್ದ ತೋಳು, ಕಾಲುಚೀಲ. ಊರಿಗೆ ಬಂದು ಕೆಲವು ವಾರ, ತಿಂಗಳಾದ ಮೇಲೆ ಜ್ವರ ಬಂದರೂ "ಆಫ್ರಿಕಾಕ್ಕೆ ಹೋಗಿದ್ದೆ" ಅಂತ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

"ಅಪ್ಪ–ಅಮ್ಮನ್ನ ಕರ್ಕೊಂಡು ಹೋಗ್ತಿದ್ದೀವಿ. ಇಬ್ಬರಿಗೂ ಬಿಪಿ, ಶುಗರ್."

ಮಾತ್ರೆಗಳು ಪೂರ್ತಿ ಪ್ರವಾಸದ ಲೆಕ್ಕಕ್ಕಿಂತ ಒಂದು ವಾರ ಜಾಸ್ತಿ ಇರಲಿ. ಎಲ್ಲವೂ ಕೈಬ್ಯಾಗಿನಲ್ಲೇ. ಸ್ಟ್ರಿಪ್‌ನಿಂದ ಕಿತ್ತು ಡಬ್ಬಿಗೆ ತುಂಬಬೇಡಿ, ವೈದ್ಯರ ಚೀಟಿ ಜೊತೆಗಿರಲಿ. ಇನ್ಸುಲಿನ್ ಇದ್ದರೆ ಫ್ರಿಜ್ ಬೇಕು ಅಂತ ಕ್ಯಾಂಪಿಗೆ ಮೊದಲೇ ತಿಳಿಸಿ. ಹಗಲು ಗಾಡಿಯಲ್ಲಿ ತಂಪು ಚೀಲ ಬೇಕು. ಸೊಂಟಕ್ಕೆ ಕಟ್ಟುವ ಬೆಲ್ಟ್, ಕುತ್ತಿಗೆಗೆ ಸಣ್ಣ ದಿಂಬು ಇದ್ದರೆ ಆ ರಸ್ತೆಯಲ್ಲಿ ಬಹಳ ಉಪಕಾರ. ಓಆರ್‌ಎಸ್, ವಾಂತಿ ಮಾತ್ರೆ, ಭೇದಿ ಮಾತ್ರೆ, ಕಣ್ಣಿಗೆ ಹಾಕುವ ಹನಿ ಮನೆಯವರೆಲ್ಲರಿಗೂ ಸೇರಿಸಿ ಒಂದು ಪೊಟ್ಟಣ ಮಾಡಿ.

ಪ್ರಯಾಣ ವಿಮೆಯಲ್ಲಿ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ನೋಡಿ. ವಿಲ್ಸನ್ ವಿಮಾನ ನಿಲ್ದಾಣದಿಂದ ಅಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಅನ್ನುವ ಸಂಸ್ಥೆ ಕಾಡಿನ ಏರ್‌ಸ್ಟ್ರಿಪ್‌ಗಳಿಗೇ ವಿಮಾನ ಕಳಿಸುತ್ತದೆ. ಟೂರ್ ಪ್ಯಾಕೇಜ್‌ನಲ್ಲಿ ಅದರ ಸದಸ್ಯತ್ವ ಇದೆಯಾ ಕೇಳಿಕೊಳ್ಳಿ. ದೊಡ್ಡವರಿದ್ದರೆ ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ.

"ಪ್ಲಾಸ್ಟಿಕ್ ಕವರ್ ಸಿಕ್ರೆ ದಂಡ ಹಾಕ್ತಾರಂತೆ, ಹೌದಾ?"

ಹೌದು. ಕೀನ್ಯಾ 2017ರ ಆಗಸ್ಟ್‌ನಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಟಾಂಜಾನಿಯಾ 2019ರ ಜೂನ್‌ನಲ್ಲಿ. 2020ರ ಜೂನ್‌ನಿಂದ ಕೀನ್ಯಾದ ರಾಷ್ಟ್ರೀಯ ಉದ್ಯಾನ, ರಕ್ಷಿತ ಪ್ರದೇಶಗಳೊಳಗೆ ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ, ಲೋಟ, ಸ್ಟ್ರಾ ಕೂಡ ಒಯ್ಯುವಂತಿಲ್ಲ. ನಾವು ಚಪ್ಪಲಿಗೊಂದು ಕವರ್, ಒದ್ದೆ ಬಟ್ಟೆಗೊಂದು ಕವರ್ ಅಂತ ಸುಮ್ನೆ ಸುತ್ತಿಬಿಡುತ್ತೇವೆ ಅಲ್ವಾ, ಅದನ್ನೆಲ್ಲ ತೆಗೆಯಿರಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೊಂಡ ಸಾಮಾನಿನ ಕವರನ್ನೂ ಇಳಿಯುವ ಮೊದಲು ಬಿಡಿ. ಬದಲಿಗೆ ಬಟ್ಟೆಯ ಚೀಲ, ಸ್ಟೀಲ್ ಬಾಟಲಿ. ಕ್ಯಾಂಪ್‌ಗಳಲ್ಲಿ ಶುದ್ಧ ನೀರು ತುಂಬಿಕೊಡುತ್ತಾರೆ.

"ಡಾಲರ್ ಬೇಕಾ? ಟಿಪ್ಸ್ ಕೊಡಬೇಕಂತೆ."

ಟಿಪ್ಸ್ ಅಲ್ಲಿನ ರೂಢಿ. ಗೈಡ್‌ಗೆ ಬೇರೆ, ಕ್ಯಾಂಪಿನ ಕೆಲಸದವರಿಗೆ ಅಂತ ಒಂದು ಡಬ್ಬಿ ಬೇರೆ. 1, 5, 10 ಡಾಲರ್‌ನ ಸಣ್ಣ ನೋಟು ಒಯ್ಯಿರಿ. ಹರಿದ, ಬರೆದ, ಹಳೆಯ ನೋಟನ್ನು ಅಲ್ಲಿ ಬ್ಯಾಂಕೂ ಮುಟ್ಟುವುದಿಲ್ಲ. 2013ರ ನಂತರ ಅಚ್ಚಾದದ್ದೇ ಕೊಡಿ ಅಂತ ಇಲ್ಲಿ ಹಣ ಬದಲಿಸುವಾಗಲೇ ಕೇಳಿ. ದಾರಿಯ ಖರ್ಚಿಗೆ ಸ್ವಲ್ಪ ಶಿಲ್ಲಿಂಗ್, ಅಂದರೆ ಅಲ್ಲಿನ ದುಡ್ಡು, ಇರಲಿ.

## ಹೊಟ್ಟೆಯ ಮಾತು

"ನಾವು ಪಕ್ಕಾ ವೆಜಿಟೇರಿಯನ್. ಅವಲಕ್ಕಿ, ಉಪ್ಪಿಟ್ಟು ಮಿಕ್ಸ್, ಕುಕ್ಕರ್ ಎಲ್ಲ ಕಟ್ಕೊಳ್ಳಬೇಕಾ?"

ಕುಕ್ಕರ್ ಖಂಡಿತ ಬೇಡ. ಟೆಂಟಿನಲ್ಲಿ ಅಡುಗೆ ಮಾಡುವಂತಿಲ್ಲ, 15 ಕೆಜಿಯಲ್ಲಿ ಅದಕ್ಕೆ ಜಾಗವೂ ಇಲ್ಲ. ಸಸ್ಯಾಹಾರದ ವಿಷಯದಲ್ಲಿ ಪೂರ್ವ ಆಫ್ರಿಕಾ ನಮಗೆ ಹತ್ತಿರದ ನೆಲ. 1896ರಿಂದ 1901ರ ತನಕ ಮೊಂಬಾಸಾದಿಂದ ರೈಲು ಹಳಿ ಹಾಕಲು ಇಲ್ಲಿಂದ ಸಾವಿರಾರು ಕೂಲಿಗಳು ಹೋದರು, ಹಿಂದೆಯೇ ಗುಜರಾತಿ ವ್ಯಾಪಾರಿಗಳು. 2017ರಲ್ಲಿ ಕೀನ್ಯಾ ಸರ್ಕಾರ ಏಷ್ಯಾ ಮೂಲದವರನ್ನು ದೇಶದ 44ನೇ ಬುಡಕಟ್ಟು ಅಂತಲೇ ಗುರುತಿಸಿತು. ಚಪಾತಿ ಅಲ್ಲಿ ಎಲ್ಲರ ಮನೆಯ ಊಟ. ಅಲ್ಲಿನವರೇ ತಿನ್ನುವ ಹುರುಳಿಕಾಯಿ ಬೀಜದ ಸಾರು, ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಬುಕ್ ಮಾಡುವಾಗಲೇ ಮೊಟ್ಟೆ ತಿನ್ನುವುದಿಲ್ಲ, ಈರುಳ್ಳಿ–ಬೆಳ್ಳುಳ್ಳಿ ತಿನ್ನುವುದಿಲ್ಲ ಅಂತ ಬಿಡಿಸಿ ಹೇಳಿ, ಜೈನರ ಊಟ ಗೊತ್ತಿರುವ ಅಡುಗೆಯವರು ಬೇಕಾದಷ್ಟಿದ್ದಾರೆ.

ಒಯ್ಯುವುದಾದರೆ ಸೀಲ್ ಆದ ಪ್ಯಾಕೆಟ್‌ನ ಚಟ್ನಿಪುಡಿ, ಒಂದಿಷ್ಟು ಚಕ್ಕುಲಿ, ಕಡಲೆಬೀಜ. ಪೆಟ್ಟಿಗೆ ಊಟ ಸಪ್ಪೆ, ಚಟ್ನಿಪುಡಿ ಅದನ್ನು ಎತ್ತಿ ಹಿಡಿಯುತ್ತದೆ. ಹಣ್ಣು, ಬಿತ್ತನೆ ಬೀಜ, ಸೊಪ್ಪು ಒಯ್ಯಬೇಡಿ.

ತಿಂಡಿಯನ್ನು ಟೆಂಟಿನಲ್ಲಿ ಬಿಚ್ಚಿಡಬೇಡಿ, ಬಬೂನ್‌ಗಳಿಗೆ ಜಿಪ್ ತೆಗೆಯಲು ಬರುತ್ತದೆ. ಗೊರೊಂಗೊರೊ ಕುಳಿಯೊಳಗೆ ಕೆರೆ ಪಕ್ಕದ ಪಿಕ್‌ನಿಕ್ ಜಾಗದಲ್ಲಿ ಹದ್ದುಗಳು ಮೇಲಿಂದ ಎರಗಿ ಕೈಯಲ್ಲಿರುವ ತುತ್ತನ್ನೇ ಕಿತ್ತುಕೊಂಡು ಹೋಗುತ್ತವೆ, ಉಗುರು ತಾಗಿ ಗಾಯವೂ ಆಗುತ್ತದೆ. ಗಾಡಿಯೊಳಗೆ ಕೂತು ತಿಂದು ಆಮೇಲೆ ಇಳಿಯಿರಿ.

## ಕ್ಯಾಮೆರಾ, ಕರೆಂಟು

"ನಮ್ಮ ಚಾರ್ಜರ್ ಅಲ್ಲಿ ಹಿಡಿಯುತ್ತಾ?"

ಕರೆಂಟು ನಮ್ಮಷ್ಟೇ ವೋಲ್ಟ್. ಪ್ಲಗ್ ಮಾತ್ರ ಇಂಗ್ಲೆಂಡಿನ ಹಾಗೆ ಮೂರು ಚಪ್ಪಟೆ ಪಿನ್ನಿನದು. ಅಡಾಪ್ಟರ್ ಎರಡು ಒಯ್ಯಿರಿ, ಜೊತೆಗೆ ನಮ್ಮ ಮನೆಯ ಒಂದು ಸಣ್ಣ ಎಕ್ಸ್‌ಟೆನ್ಷನ್ ಬೋರ್ಡ್. ಒಂದೇ ಅಡಾಪ್ಟರ್‌ನಲ್ಲಿ ಮನೆಮಂದಿಯ ಫೋನೆಲ್ಲ ಚಾರ್ಜ್ ಆಗುತ್ತದೆ. ಬಹಳ ಕ್ಯಾಂಪ್‌ಗಳು ಸೋಲಾರ್ ಮೇಲೆ ನಡೆಯುತ್ತವೆ, ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ ಹಾಕುವಂತಿಲ್ಲ. ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಕೈಬ್ಯಾಗಿನಲ್ಲೇ ಇರಬೇಕು. 20,000 ಎಂಎಎಚ್‌ನದು ವಿಮಾನದ ಮಿತಿಯೊಳಗೆ ಬರುತ್ತದೆ.

"ದೊಡ್ಡ ಕ್ಯಾಮೆರಾ ಇಲ್ಲ. ಫೋನ್ ಸಾಕಾ?"

ಫೋಟೋಕ್ಕೆ ಫೋನ್ ಸಾಕು, ನೋಡಲು ಬೈನಾಕ್ಯುಲರ್ ಬೇಕು. ತಲೆಗೊಂದು ಬೇಕು ಅಂತ ಒತ್ತಿ ಹೇಳುತ್ತೇನೆ. ಚಿರತೆ ಮರದ ಮೇಲಿದ್ದಾಗ ಒಂದೇ ಬೈನಾಕ್ಯುಲರ್ ಆರು ಜನರ ಕೈ ದಾಟಿ ಬರುವಷ್ಟರಲ್ಲಿ ಅದು ಇಳಿದು ಹೋಗಿರುತ್ತದೆ. 8×42 ಅಂತ ಬರೆದಿರುವುದು, ಅಂದರೆ ಎಂಟು ಪಟ್ಟು ಹಿಗ್ಗಿಸುವುದು, ಒಳ್ಳೆಯ ಆಯ್ಕೆ. ಕುಲುಕುವ ಗಾಡಿಯಲ್ಲಿ ಅದಕ್ಕಿಂತ ಜಾಸ್ತಿ ಹಿಗ್ಗಿಸುವಂಥದ್ದು ಕಣ್ಣಿಗೆ ನಿಲ್ಲುವುದಿಲ್ಲ.

"100–400 ಲೆನ್ಸ್ ಇದೆ. 600 ಬಾಡಿಗೆಗೆ ತಗೊಳ್ಳಲಾ? ಟ್ರೈಪಾಡ್?"

ಮಾರಾದಲ್ಲಿ ಪ್ರಾಣಿಗಳು ಹತ್ತಿರ ಸಿಗುತ್ತವೆ, 100–400 ಬಹುಮಟ್ಟಿಗೆ ಸಾಕು (ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ). ಹಕ್ಕಿ ಹುಚ್ಚಿದ್ದರೆ, ಅಥವಾ ಗೊರೊಂಗೊರೊದಲ್ಲಿ ಘೇಂಡಾಮೃಗ ನೋಡುವ ಆಸೆ ಇದ್ದರೆ 600 ಉಪಯೋಗಕ್ಕೆ ಬರುತ್ತದೆ. ಕುಳಿಯೊಳಗೆ ರಸ್ತೆ ಬಿಟ್ಟು ಗಾಡಿ ಇಳಿಯುವಂತಿಲ್ಲ, ಘೇಂಡಾ ಸಾಮಾನ್ಯವಾಗಿ ದೂರದಲ್ಲೇ ಇರುತ್ತದೆ. ನನ್ನ ಆಯ್ಕೆ ಬೇರೆ: ದೊಡ್ಡ ಲೆನ್ಸ್‌ನ ಬಾಡಿಗೆ ದುಡ್ಡಲ್ಲಿ ಇನ್ನೊಂದು ಕ್ಯಾಮೆರಾ ಬಾಡಿ ತನ್ನಿ. ಒಂದಕ್ಕೆ ದೂರದ ಲೆನ್ಸ್, ಇನ್ನೊಂದಕ್ಕೆ ಅಗಲದ ಲೆನ್ಸ್ ಹಾಕಿಟ್ಟುಬಿಡಿ. ಆ ಧೂಳಲ್ಲಿ ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೆ ಕಲೆ ಗ್ಯಾರಂಟಿ.

ಟ್ರೈಪಾಡ್ ಗಾಡಿಯಲ್ಲಿ ನಿಲ್ಲುವುದಿಲ್ಲ. ಬೇಕಾದದ್ದು ಬೀನ್ ಬ್ಯಾಗ್, ಅಂದರೆ ಕಾಳು ತುಂಬಿದ ದಪ್ಪ ಬಟ್ಟೆಯ ಚೀಲ. ಇಲ್ಲಿಂದ ಖಾಲಿ ಚೀಲ ಒಯ್ಯಿರಿ. ದಾರಿಯ ಊರಿನಲ್ಲಿ ಎರಡು–ಮೂರು ಕೆಜಿ ಅಕ್ಕಿಯೋ ಕಾಳೋ ಕೊಂಡು ತುಂಬಿಸಿ, ಹೊರಡುವಾಗ ಗೈಡ್‌ಗೆ ಕೊಟ್ಟು ಬನ್ನಿ. ವಿಮಾನದಲ್ಲಿ ಹೋಗುವವರು ಕ್ಯಾಂಪಿನಲ್ಲೇ ಕೇಳಿದರೆ ಸಿಗುತ್ತದೆ.

ಧೂಳಿಗೆ ನಮ್ಮ ತೆಳ್ಳನೆಯ ಹತ್ತಿ ಟವೆಲ್ಲೇ ಸಾಕು. ಕ್ಯಾಮೆರಾ ಮಡಿಲಲ್ಲಿಟ್ಟು ಮೇಲೆ ಹೊದೆಸಿ. ಸಂಜೆ ಒಗೆದರೆ ಬೆಳಿಗ್ಗೆ ಒಣಗಿರುತ್ತದೆ. ಧೂಳನ್ನು ಒರೆಸುವ ಮೊದಲು ಗಾಳಿ ಊದುವ ರಬ್ಬರ್ ಬಲ್ಬ್‌ನಿಂದ ಊದಿ, ಇಲ್ಲದಿದ್ದರೆ ಗೀರು ಬೀಳುತ್ತದೆ. ದುಬಾರಿ ಸಾಮಾನಿನ ಬಿಲ್ಲಿನ ನಕಲು ಜೊತೆಗಿಡಿ. ಹೋಗುವಾಗಲೇ ನಮ್ಮ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆದರೆ, ಬರುವಾಗ ಎಲ್ಲಿ ಕೊಂಡದ್ದು ಅನ್ನುವ ಪ್ರಶ್ನೆ ಏಳುವುದಿಲ್ಲ.

"ಡ್ರೋನ್?"

ಬೇಡ. ಅನುಮತಿ ಇಲ್ಲದ ಡ್ರೋನ್ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ. ಉದ್ಯಾನಗಳೊಳಗೆ ಹಾರಿಸುವುದಕ್ಕೂ ಬಿಡುವುದಿಲ್ಲ.

## ಇನ್ನೂ ಸ್ವಲ್ಪ ಮುಂದಿನ ಪ್ರಶ್ನೆಗಳು

"ಏಪ್ರಿಲ್‌ನಲ್ಲಿ ರೇಟ್ ಕಡಿಮೆ ಇದೆ, ಮಕ್ಕಳಿಗೂ ರಜೆ. ಮಳೆಗೆ ಏನು ಬೇಕು?"

ಮಾರ್ಚ್‌ನಿಂದ ಮೇ ತನಕ ಅಲ್ಲಿ ದೊಡ್ಡ ಮಳೆಗಾಲ, ನವೆಂಬರ್ ಸುಮಾರಿಗೆ ಸಣ್ಣ ಮಳೆಗಾಲ. ಹೋಗಬಾರದು ಅಂತಿಲ್ಲ. ಹುಲ್ಲು ಹಸಿರಾಗಿರುತ್ತದೆ, ಗಾಡಿಗಳ ಗದ್ದಲ ಇಲ್ಲ, ಆಕಾಶ ಚೆಂದ. ಆದರೆ ಮಾರಾದ ಬಹಳ ಭಾಗ ಎರೆಮಣ್ಣು. ಧಾರವಾಡ, ರಾಯಚೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಮಳೆ ಬಿದ್ದರೆ ಗಾಡಿ ಹುಗಿಯುತ್ತದೆ, ಇಳಿದರೆ ಶೂ ಒಂದೊಂದು ಕೆಜಿ ಆಗುತ್ತದೆ. ಬೇಗ ಒಣಗುವ ಪ್ಯಾಂಟ್, ತೊಳೆಯಬಹುದಾದ ಶೂ, ಮೊಣಕಾಲ ತನಕ ಬರುವ ರೇನ್‌ಕೋಟ್, ಕ್ಯಾಮೆರಾ ಬ್ಯಾಗಿಗೆ ಮಳೆ ಹೊದಿಕೆ ಒಯ್ಯಿರಿ. ಛತ್ರಿ ಗಾಡಿಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

"ಬಲೂನ್ ಸವಾರಿಗೆ ಬೇರೆ ಬಟ್ಟೆ ಬೇಕಾ?"

ಬೇಕಿಲ್ಲ, ಎರಡು ವಿಷಯ ನೆನಪಿಡಿ. ನಸುಕಿಗೆ ನಾಲ್ಕೂವರೆ ಸುಮಾರಿಗೇ ಹೊರಡಿಸುತ್ತಾರೆ, ಕೆಳಗೆ ಭಯಂಕರ ಚಳಿ. ಮೇಲೆ ಹೋದ ಮೇಲೆ ಬರ್ನರ್‌ನ ಕಾವು ನೇರ ನೆತ್ತಿಗೆ ಬಡಿಯುತ್ತದೆ, ಬಟ್ಟೆಯ ಟೋಪಿ ಬೇಕು. ಬುಟ್ಟಿಯನ್ನು ಹತ್ತಿ ಇಳಿಯಬೇಕು, ಸೀರೆ, ಸ್ಕರ್ಟ್ ಬೇಡ.

"ಬರುವಾಗ ಏನು ತರಬಹುದು? ಅದಕ್ಕೂ ಜಾಗ ಬಿಡಬೇಕಲ್ಲ."

ಮಸಾಯಿಗಳ ಕೆಂಪು ಚೌಕುಳಿ ಹೊದಿಕೆ ಶುಕಾ, ಮಣಿಸರ, ಕಾಫಿ ಪುಡಿ ಹಗುರ. ಕೀನ್ಯಾದ ಕಿಸಿ ಕಡೆಯ ಬಳಪದ ಕಲ್ಲಿನ ಗೊಂಬೆಗಳು ಚೆಂದ, ಆದರೆ ಭಾರ. ವಿಮಾನದಲ್ಲಿ ಮಾರಾಕ್ಕೆ ಹೋಗಿದ್ದರೆ ಅವನ್ನು ಕೊನೆಯ ದಿನ ನೈರೋಬಿಯಲ್ಲಿ ಕೊಳ್ಳಿ. ದಂತ, ಆನೆ ಕೂದಲಿನ ಬಳೆ, ಗರಿ, ಮೂಳೆ, ಕೊಂಬು, ಚರ್ಮ ಯಾವುದನ್ನೂ ಮುಟ್ಟಬೇಡಿ. ದಾರಿಯಲ್ಲಿ ಬಿದ್ದದ್ದನ್ನೂ ಎತ್ತಿಕೊಳ್ಳಬೇಡಿ. 2016ರ ಏಪ್ರಿಲ್‌ನಲ್ಲಿ ಕೀನ್ಯಾ ತನ್ನ ಬಳಿ ಇದ್ದ 105 ಟನ್ ದಂತವನ್ನು ನೈರೋಬಿ ರಾಷ್ಟ್ರೀಯ ಉದ್ಯಾನದಲ್ಲಿ ಸುಟ್ಟು ಹಾಕಿತು. ಅಲ್ಲಿ ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇಲ್ಲ, ಇರಲೂಬಾರದು.

"ದಕ್ಷಿಣ ಆಫ್ರಿಕಾ, ಬೋಟ್ಸ್‌ವಾನಾಕ್ಕೂ ಇದೇ ಪಟ್ಟಿ ನಡೆಯುತ್ತಾ?"

ಬಹುಪಾಲು ನಡೆಯುತ್ತದೆ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಸುತ್ತಮುತ್ತ ಗೈಡ್ ಕರೆದೊಯ್ಯುವ ಗಾಡಿ ಹೆಚ್ಚಾಗಿ ಪೂರ್ತಿ ತೆರೆದದ್ದು. ಜೂನ್–ಆಗಸ್ಟ್ ಅಲ್ಲಿ ನಿಜವಾದ ಚಳಿಗಾಲ. ಕೈಗವಸು, ಕುತ್ತಿಗೆಗೆ ಮಫ್ಲರ್ ಬೇಕೇ ಬೇಕು. ಪ್ಲಗ್ ಕೂಡ ಬೇರೆ: ನಮ್ಮ ಗೀಸರ್‌ಗೆ ಹಾಕುವ ದಪ್ಪ ಮೂರು ಪಿನ್ನಿನ ಮಾದರಿ. ಬೋಟ್ಸ್‌ವಾನಾದ ಒಕವಾಂಗೊ ಕ್ಯಾಂಪ್‌ಗಳಿಗೆ ಸಣ್ಣ ವಿಮಾನದಲ್ಲೇ ಹೋಗಬೇಕು, ಸಾಮಾನ್ಯ ಮಿತಿ 20 ಕೆಜಿ, ಅಲ್ಲೂ ಮೆತ್ತಗಿನ ಬ್ಯಾಗೇ. ನೀರಿನ ಮೇಲೆ ಮೊಕೊರೊ ಅನ್ನುವ ಸಣ್ಣ ದೋಣಿಯಲ್ಲಿ ಕೂರುತ್ತೀರಿ, ಫೋನ್, ಕ್ಯಾಮೆರಾಕ್ಕೆ ನೀರು ಹೋಗದ ಚೀಲ ಇರಲಿ.

"ಸಫಾರಿ ಮುಗಿಸಿ ಉಗಾಂಡಾದಲ್ಲಿ ಗೊರಿಲ್ಲಾ ನೋಡುವ ಪ್ಲಾನ್ ಇದೆ. ಅದಕ್ಕೆ?"

ಅದು ಬೇರೆಯೇ ಲೆಕ್ಕ. ಬ್ವಿಂಡಿ ಕಾಡಿನಲ್ಲಿ ಗಾಡಿ ಇಲ್ಲ, ಕಾಲ್ನಡಿಗೆ. ಗೊರಿಲ್ಲಾ ಕುಟುಂಬ ಎಲ್ಲಿದೆಯೋ ಅಲ್ಲಿ ತನಕ, ಕೆಲವರಿಗೆ ಒಂದು ಗಂಟೆ, ಕೆಲವರಿಗೆ ಅರ್ಧ ದಿನ. ಕಡಿದಾದ, ಜಾರುವ ಇಳಿಜಾರು, ಯಾವಾಗ ಬೇಕಾದರೂ ಮಳೆ. ಇಲ್ಲಿ ಟ್ರೆಕ್ಕಿಂಗ್ ಶೂ ಬೇಕೇ ಬೇಕು. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಇರುವೆ ಹತ್ತುವುದಿಲ್ಲ. ತೋಟದ ಕೆಲಸಕ್ಕೆ ಹಾಕುವ ದಪ್ಪ ಕೈಗವಸು ಒಯ್ಯಿರಿ, ತುರಿಕೆ ಗಿಡ, ಮುಳ್ಳಿನ ಬಳ್ಳಿ ಹಿಡಿದೇ ಹತ್ತಬೇಕಾಗುತ್ತದೆ. ಮಲೆನಾಡಿನವರು ಮಳೆಗಾಲದ ಕಾಡಿಗೆ ಹೇಗೆ ತಯಾರಾಗುತ್ತಾರೋ ಹಾಗೆಯೇ.

ಮಾಸ್ಕ್ ಎರಡು ಇರಲಿ, ಒದ್ದೆಯಾದರೆ ಬದಲಿಸಲು. ನಮ್ಮ ನೆಗಡಿಯೂ ಗೊರಿಲ್ಲಾಗಳಿಗೆ ಹರಡಬಹುದು. ಅದಕ್ಕೇ ದೂರ ನಿಲ್ಲಿಸುತ್ತಾರೆ, ಕೆಮ್ಮು–ಜ್ವರ ಇದ್ದವರನ್ನು ಬಿಡುವುದೇ ಇಲ್ಲ. ಹದಿನೈದು ವರ್ಷದ ಕೆಳಗಿನವರಿಗೂ ಪ್ರವೇಶ ಇಲ್ಲ, ಮಕ್ಕಳಿದ್ದರೆ ಮೊದಲೇ ಯೋಚಿಸಿ. ಫ್ಲ್ಯಾಶ್ ಬಳಸುವಂತಿಲ್ಲ, ಕಾಡು ಕತ್ತಲು, ಹಾಗಾಗಿ 600 ಲೆನ್ಸ್ ಬಿಟ್ಟು 70–200 ರೀತಿಯದು ಒಯ್ಯಿರಿ. ಬ್ಯಾಗ್ ಹೊರಲು ಹತ್ತಿರದ ಹಳ್ಳಿಯ ಯುವಕರು, ಹೆಣ್ಣುಮಕ್ಕಳು ಗೇಟಿನಲ್ಲೇ ನಿಂತಿರುತ್ತಾರೆ. ನಿಮಗೆ ಹೊರುವ ಶಕ್ತಿ ಇದ್ದರೂ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಜಾರುವ ಕಡೆ ಕೈ ಹಿಡಿಯುವವರು ಅವರೇ, ಆ ಸಂಪಾದನೆ ಅವರ ಮನೆಗೂ ಬೇಕು. ಅವರಿಗೆ ಕೊಡಲು ಸಣ್ಣ ನೋಟುಗಳನ್ನು ಬೇರೆ ಜೇಬಿನಲ್ಲಿ ಇಟ್ಟುಕೊಳ್ಳಿ.